ಟಾಕಿಯ ಒದ್ದೆ ಗೆರೆ

ಛತ್ರಪತಿ ಸಂಭಾಜಿನಗರ
21 ಜುಲೈ 2024

ಪೂಜ್ಯ ಮಾವನವರಿಗೆ ಮಂಜುಳಾಳ ನಮಸ್ಕಾರಗಳು.

ನಾನು ಬಂದು ಮುಟ್ಟಿದ್ದು, ಹಾಸ್ಟೆಲಿನಲ್ಲಿ ಕೋಣೆ ಸಿಕ್ಕಿದ್ದು, ಊಟಕ್ಕೆ ತೊಂದರೆಯಿಲ್ಲದ್ದು ಎಲ್ಲವನ್ನೂ ನಿಮ್ಮ ಮಗನಿಗೆ ಫೋನಿನಲ್ಲಿ ಹೇಳಿದ್ದೇನೆ. ಅವರು ನಿಮಗೆ ಕೈಸನ್ನೆ ಮಾಡಿ ತಿಳಿಸಿರುತ್ತಾರೆ. ಆದರೆ ಅರ್ಧ ಗಂಟೆಯ ಮಾತನ್ನು ಅವರು ಹೆಬ್ಬೆರಳೊಂದನ್ನು ಎತ್ತಿ ಮುಗಿಸಿಬಿಡುತ್ತಾರೆಂದು ನನಗೆ ಗೊತ್ತು. ಅದಕ್ಕೇ ಈ ಕಾಗದ. ಕಾಂಕ್ರೀಟು ಒಡೆಯುವ ಬ್ರೇಕರ್ ಮಷೀನು ನಿಮ್ಮ ಕಿವಿಯನ್ನು ತಿಂದುಹಾಕಿತು, ಪುಣ್ಯಕ್ಕೆ ಕಣ್ಣನ್ನು ಬಿಟ್ಟಿದೆ. ನಮ್ಮ ಮನೆಯಲ್ಲಿ ಕನ್ನಡ ಓದಲು ಬರೆಯಲು ಬರುವುದು ನಮ್ಮಿಬ್ಬರಿಗೇ. ನೀವು ಸಿಂದಗಿಯ ಶಾಲೆಯಲ್ಲಿ ಐದನೆಯವರೆಗೆ ಕಲಿತವರು, ನಾನು ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ನಿಮ್ಮ ಮಗ ಸೈಟಿನಿಂದ ಸೈಟಿಗೆ ಮರಾಠಿ ಶಾಲೆ ಬದಲಿಸುತ್ತ ಬೆಳೆದವರು. ಇದನ್ನು ತಿರುಗಿಸಿ ಮುರುಗಿಸಿ ನೋಡಿ ನಿಮ್ಮ ಕೈಗೇ ಕೊಡುತ್ತಾರೆ. ನಮ್ಮ ವಸ್ತಿಗೆ ಪೋಸ್ಟ್‌ಮನ್ ಬರುವುದಿಲ್ಲವಾದ್ದರಿಂದ ಕಿಟ್ಟಣ್ಣನವರ ಹೋಟೆಲಿನ ವಿಳಾಸಕ್ಕೆ ಕಳಿಸಿದ್ದೇನೆ. ಚಹಾ ಕುಡಿಯಲು ಹೋದಾಗ ಇಸಿದುಕೊಳ್ಳಿ.

ಕೋರ್ಸಿನ ಹೆಸರು ಉದ್ದವಾಗಿದೆ. ಸುಲಭವಾಗಿ ಹೇಳಬೇಕೆಂದರೆ ರಸ್ತೆ, ಸೇತುವೆ, ನೀರಿನ ಟಾಕಿ, ಗಟಾರ ಇವನ್ನೆಲ್ಲ ಕಟ್ಟಿದ ಮೇಲೆ ಹೇಗೆ ಕಾಪಾಡಿಕೊಳ್ಳಬೇಕೆಂದು ಕಲಿಸುತ್ತಾರೆ. ಐದು ವರ್ಷ ಕೆಲಸ ಮಾಡಿದ ಇಂಜಿನಿಯರುಗಳಿಗಷ್ಟೇ ಇಲ್ಲಿ ಜಾಗ. ಇಪ್ಪತ್ತೆರಡು ಜನ ಇದ್ದೇವೆ. ಮಗುವನ್ನು ಬಿಟ್ಟು ಬಂದವಳು ನಾನೊಬ್ಬಳೇ ಎಂದುಕೊಂಡಿದ್ದೆ, ಇನ್ನಿಬ್ಬರು ಸಿಕ್ಕರು. ಮೂವರೂ ಸೇರಿ ಮೊದಲ ದಿನ ಮೆಸ್ಸಿನಲ್ಲಿ ಚೆನ್ನಾಗಿ ಅತ್ತೆವು. ಆಮೇಲೆ ಊಟ ಮಾಡಿದೆವು.

ಮೊದಲ ಕ್ಲಾಸಿನಲ್ಲಿ ಸರ್ ಪ್ರತಿಯೊಬ್ಬರನ್ನೂ ಏನೇನು ಕಟ್ಟಿದ್ದೀರಿ ಎಂದು ಕೇಳಿ ಬೋರ್ಡಿನ ತುಂಬ ಬರೆದರು. ಇವುಗಳಲ್ಲಿ ಯಾವುದನ್ನಾದರೂ ಆಮೇಲೆ ತಿರುಗಿ ಹೋಗಿ ನೋಡಿದವರು ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ ಮಾವ. ನನಗೆ ನಾಚಿಕೆಯಾಯಿತು.

ಅಂದಹಾಗೆ ಇಲ್ಲಿ ಒಂದು ಫಾರ್ಮಿನಲ್ಲಿ ಗಂಡನ ಹುಟ್ಟಿದ ತಾರೀಖು ಕೇಳಿದ್ದರು. ಜೂನ್ ಒಂದು ಎಂದು ಬರೆದೆ. ಪಕ್ಕದಲ್ಲಿದ್ದ ಉತ್ಕರ್ಷ ಎಂಬ ಹುಡುಗ ನಕ್ಕು, ತನ್ನ ಅಪ್ಪನದೂ ಜೂನ್ ಒಂದೇ ಎಂದ. ನಿಜವಾದ ತಾರೀಖು ಯಾವುದು, ನಿಮಗೆ ನೆನಪಿದೆಯೇ?

ನಿಮ್ಮ ಮೊಮ್ಮಗಳು ಜಗು ತಲೆ ಬಾಚಿಸಿಕೊಳ್ಳಲು ಹಟ ಮಾಡಿದರೆ ಎಣ್ಣೆ ಸ್ವಲ್ಪ ಬೆಚ್ಚಗೆ ಮಾಡಿ.

ನಿಮ್ಮ ಸೊಸೆ,
ಮಂಜುಳಾ


ನಾಶಿಕ
4 ಆಗಸ್ಟ್ 2024

ಚಿ. ಸೌ. ಮಂಜುಳಾಳಿಗೆ ರೇವಪ್ಪನ ಆಶೀರ್ವಾದ.

ನಾವೆಲ್ಲ ಇಲ್ಲಿ ನೆಟ್ಟಗಿದ್ದೇವೆ, ನನ್ನ ಎರಡು ಕಿವಿಗಳನ್ನು ಬಿಟ್ಟು. ನಿನ್ನ ಕಾಗದ ಕಿಟ್ಟಣ್ಣನ ಗಲ್ಲೆಯಲ್ಲಿ ಮೂರು ದಿನ ಕೂತಿತ್ತು. ಕೊಡುವಾಗ ಅವನು ಏನೋ ಉದ್ದಕ್ಕೆ ಹೇಳಿದ. ನಾನು ತಲೆ ಆಡಿಸಿದೆ. ಅವನು ಇನ್ನೊಂದು ಇಡ್ಲಿ ತಂದಿಟ್ಟ. ಏನನ್ನು ಒಪ್ಪಿಕೊಂಡೆನೋ ನನಗೆ ತಿಳಿಯದು.

ನನ್ನ ಅಕ್ಷರ ನೋಡಿ ನಗಬೇಡ. ಐವತ್ತು ವರ್ಷದಿಂದ ಉಳಿ ಸುತ್ತಿಗೆ ಹಿಡಿದ ಕೈ ಇದು. ಪೆನ್ನು ಹಿಡಿದರೆ ಕಾಗದ ತೂತಾಗುತ್ತದೆ. ಎರಡನೇ ಪುಟದಲ್ಲಿ ಆಗಿದೆ ನೋಡು.

ಜಗದೇವಿಯ ಜಡೆ ನಾನೇ ಹಾಕುತ್ತೇನೆ. ಸೆಂಟ್ರಿಂಗಿನ ತಂತಿ ಕಟ್ಟಿದಷ್ಟು ಬಿಗಿ ಎಂದು ಅವಳ ದೂರು. ಶಾಲೆಯ ಟೀಚರಮ್ಮ ಮೊನ್ನೆ ಕರೆಸಿ ಏನೋ ಹೇಳಿದಳು. ಜಗು ನನ್ನ ಅಂಗೈಮೇಲೆ ಬೆರಳಿನಿಂದ ಬರೆಯುವ ಹಾಗೆ ಮಾಡಿ ಅರ್ಥ ತಿಳಿಸಿದಳು, ಅವಳ ಅಕ್ಷರ ಚಂದ ಇದೆಯಂತೆ. ಅವಳೇ ಸೇರಿಸಿ ಹೇಳಿದಳೋ ಏನೋ, ನಾನು ನಂಬಿದ್ದೇನೆ.

ಪರಮೇಶ ಮಿಕ್ಸರ್ ಗಾಡಿ ಓಡಿಸಿಕೊಂಡು ಊರೆಲ್ಲ ಸುತ್ತುತ್ತಿದ್ದಾನೆ. ಸಿಂಹಸ್ಥ ಕುಂಭಮೇಳದ ಕೆಲಸಗಳು ಶುರುವಾಗಿವೆ, ಎಲ್ಲೆಲ್ಲೂ ಅಗೆದಿದ್ದಾರೆ. ಗಾಡಿಯಲ್ಲಿನ ಕಾಂಕ್ರೀಟು ಬಿಗಿಯುವುದರೊಳಗೆ ಮುಟ್ಟಬೇಕಲ್ಲ, ಆ ಗಡಿಬಿಡಿ ಅವನಿಗೆ ಮೈಗೆ ಹತ್ತಿಬಿಟ್ಟಿದೆ. ಊಟವನ್ನೂ ಹಾಗೇ ಮಾಡುತ್ತಾನೆ. ನಿನ್ನ ನೆನಪು ಬಂದಾಗ ಸ್ಕೂಟರ್ ತೊಳೆಯುತ್ತಾನೆ. ಸ್ಕೂಟರ್ ಬಹಳ ಸ್ವಚ್ಛವಾಗಿದೆ.

ಅವನ ಹುಟ್ಟಿದ ತಾರೀಖು ಹೆಡ್‌ಮಾಸ್ತರ ಕೊಟ್ಟದ್ದು. ಅವತ್ತು ಶಾಲೆಗೆ ಸೇರಿದ ನಮ್ಮ ಜನರ ಹನ್ನೊಂದು ಮಕ್ಕಳಿಗೂ ಅದೇ ತಾರೀಖು ಬರೆದ. ಅಸಲಿಯದು ನನಗೆ ಗೊತ್ತಿಲ್ಲ. ಹೊಲದಲ್ಲಿ ಕಡಲೆ ಕೀಳುತ್ತಿದ್ದರು ಎಂಬುದು ನೆನಪು.

ಆ ಸರ್ ಕೇಳಿದ ಪ್ರಶ್ನೆ ನನ್ನನ್ನೂ ಕೇಳಿದ ಹಾಗಾಯಿತು. ನಾನೂ ಹಿಂತಿರುಗಿ ನೋಡಿದವನಲ್ಲ.

ಹೊಟ್ಟೆ ತುಂಬ ಉಣ್ಣು.

ರೇವಪ್ಪ


ಛತ್ರಪತಿ ಸಂಭಾಜಿನಗರ
29 ಸೆಪ್ಟೆಂಬರ್ 2024

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದವನ್ನು ತೂತಿನ ಸಮೇತ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕಳೆದ ಭಾನುವಾರ ನಾವೆಲ್ಲ ಪಾಣಚಕ್ಕಿ ನೋಡಲು ಹೋಗಿದ್ದೆವು. ದೂರದ ಗುಡ್ಡದಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದು ಗಿರಣಿ ತಿರುಗಿಸುತ್ತಿದ್ದರಂತೆ. ಮುನ್ನೂರು ವರ್ಷದ ಹಿಂದಿನದು. ನೀವಿದ್ದಿದ್ದರೆ ಗೋಡೆಯನ್ನು ಉಗುರಿನಿಂದ ಕೆರೆದು ನೋಡದೆ ಬಿಡುತ್ತಿರಲಿಲ್ಲ. ಆ ನೀರು ನೋಡಿಕೊಂಡು ಹಾಸ್ಟೆಲಿಗೆ ಬಂದರೆ ಇಲ್ಲಿ ನಲ್ಲಿ ಒಣಗಿತ್ತು, ಟ್ಯಾಂಕರಿಗಾಗಿ ಕಾಯ್ದೆವು.

ಈಗ ಮುಖ್ಯ ವಿಷಯ. ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಹಳೆಯ ಕಟ್ಟಡವನ್ನು ಪರೀಕ್ಷೆ ಮಾಡಿ ವರದಿ ಬರೆಯಬೇಕು. ಅದು ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ, ಇನ್ನೆಷ್ಟು ವರ್ಷ ಬಾಳುತ್ತದೆ ಎಂದು ತಿಳಿಸಬೇಕು. ನನಗೆ ಸಿಕ್ಕಿದ್ದು ಲಾಸಲಗಾಂವ್ ರಸ್ತೆಯಲ್ಲಿ ಈರುಳ್ಳಿ ಗೋದಾಮುಗಳ ಹಿಂದೆ ಇರುವ ನೀರಿನ ಟಾಕಿ. ಎಂಟು ಕಂಬದ್ದು. 1991ರಲ್ಲಿ ಕಟ್ಟಿದ್ದಾರೆ, ಮೂರು ವಾಡಿಗಳಿಗೆ ನೀರು ಅದರಿಂದಲೇ. ಗೋಡೆಯ ಅರ್ಧ ಎತ್ತರದಲ್ಲಿ ಸುತ್ತಲೂ ಒಂದು ಒದ್ದೆ ಗೆರೆ ಇದೆ. ವರ್ಷವಿಡೀ ನೀರು ಜಿನುಗಿ ಪಾಚಿ ಹಿಡಿದಿದೆ. ಟಾಕಿಯನ್ನು ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿನವರು ನನ್ನ ವರದಿಯನ್ನೂ ನೋಡುತ್ತಾರೆಂದು ಸರ್ ಹೇಳಿದ್ದಾರೆ. ಕೆಡವಿದರೆ ಹೊಸದು ಏಳುವವರೆಗೆ ಎರಡು ವರ್ಷ ಮೂರು ವಾಡಿಗಳ ಹೆಂಗಸರು ಕೊಡ ಹೊರಬೇಕು.

ಕಟ್ಟಿಸಿದ ಕಂತ್ರಾಟುದಾರನ ಕಂಪನಿ ಎಂದೋ ಮುಚ್ಚಿದೆ. ಆಗ ನೀವೆಲ್ಲ ಆ ಕಡೆಯೇ ಕೆಲಸದಲ್ಲಿದ್ದಿರಲ್ಲವೇ? ಆ ಟಾಕಿಯ ಬಗ್ಗೆ ನಿಮಗೇನಾದರೂ ನೆನಪಿದೆಯೇ?

ನಿಮ್ಮ ಸೊಸೆ,
ಮಂಜುಳಾ


ನಾಶಿಕ
13 ಅಕ್ಟೋಬರ್ 2024

ಚಿ. ಸೌ. ಮಂಜುಳಾಳಿಗೆ ಆಶೀರ್ವಾದ.

ಜಗುವಿಗೆ ನೆಗಡಿ ಆಗಿತ್ತು, ಕಡಿಮೆಯಾಗಿದೆ. ದಸರೆಗೆ ಹೋಳಿಗೆ ಮಾಡಿದ್ದೆ, ಹೂರಣ ಒಂದು ಕಡೆ, ಕಣಕ ಒಂದು ಕಡೆ ಆಯಿತು. ಪರಮೇಶ ಸುಮ್ಮನೆ ತಿಂದ.

ಎಷ್ಟೋ ಟಾಕಿ ಕಟ್ಟಿದ್ದೇವೆ ತಂಗಿ. ಯಾವುದೆಂದು ನೆನಪಿಡಲಿ?

ರೇವಪ್ಪ


ಛತ್ರಪತಿ ಸಂಭಾಜಿನಗರ
10 ನವೆಂಬರ್ 2024

ಪೂಜ್ಯ ಮಾವನವರಿಗೆ,

ದೀಪಾವಳಿಗೆ ಬಂದು ನಾಲ್ಕು ದಿನ ಇದ್ದು ಹೋದೆ. ಜಗು ಬಸ್ಸಿನ ಕಿಟಕಿ ಹಿಡಿದುಕೊಂಡದ್ದು ಇನ್ನೂ ಕಣ್ಣಮುಂದಿದೆ.

ಒಂದು ಮಾತು ಕೇಳಲೇ? ಪಾಡ್ಯದ ದಿನ ಆ ಟಾಕಿಯ ಫೋಟೋಗಳನ್ನು ಚಾಪೆಯ ಮೇಲೆ ಹರಡಿ ನಿಮಗೆ ತೋರಿಸಿದೆ. ನೀವು ಒಂದನ್ನು ಎತ್ತಿಕೊಂಡಿರಿ. ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಿರಿ. ಆಮೇಲೆ ಅದನ್ನು ಕೆಳಮುಖ ಮಾಡಿ ಇಟ್ಟು, ತ್ರ್ಯಂಬಕಕ್ಕೆ ಹೋಗಿಬರುತ್ತೇನೆಂದು ಜೀಪು ಹತ್ತಿ ಹೋದಿರಿ. ಹಬ್ಬದ ಊಟಕ್ಕೂ ಬರಲಿಲ್ಲ. ದೇವರ ಹಂಬಲ ಅಷ್ಟೊಂದು ನಿಮಗೆ ಇದ್ದದ್ದನ್ನು ನಾನು ನೋಡಿಲ್ಲ.

ಅಲ್ಲಿಯ ಇಂಜಿನಿಯರುಗಳಿಗೆ ಆ ಗೆರೆ ನೋಡಿದರೆ ಹೆದರಿಕೆ. ಒಳಗಿನ ಕಬ್ಬಿಣವೆಲ್ಲ ತುಕ್ಕು ಹಿಡಿದಿರಬೇಕು, ಗೋಡೆ ಪೂರ್ತಿ ಕೆಟ್ಟಿದೆ, ಕೆಡವುವುದೇ ಸರಿ ಎನ್ನುತ್ತಿದ್ದಾರೆ. ಸರ್ ಹೇಳುವುದು ಬೇರೆ. ಕಾಂಕ್ರೀಟು ಹಾಕುವಾಗ ಅರ್ಧಕ್ಕೆ ನಿಂತುಹೋಗಿ ಮತ್ತೆ ಶುರು ಮಾಡಿದ್ದರೆ ಇಂಥ ಗೆರೆ ಬೀಳುತ್ತದೆ, ಹಾಗಿದ್ದರೆ ಕೆಟ್ಟಿರುವುದು ಆ ಒಂದು ಗೆರೆ ಮಾತ್ರ, ದುರಸ್ತಿ ಸಾಧ್ಯ. ಆದರೆ ಕೆಲಸ ನಿಂತಿತ್ತು ಎಂಬುದಕ್ಕೆ ಆಧಾರ ಬೇಕು. ಡ್ರಾಯಿಂಗಿನಲ್ಲಿ ಇಲ್ಲ, ಕಾಮಗಾರಿಯ ದಾಖಲೆಯಲ್ಲಿ ಇಲ್ಲ. ಜನವರಿ ಕೊನೆಯೊಳಗೆ ಏನೂ ಸಿಗದಿದ್ದರೆ ಕಾರಣ ಗೊತ್ತಾಗಿಲ್ಲವೆಂದು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಟಾಕಿ ಹೋದಂತೆಯೇ.

ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ. ನಿಮಗೆ ಗೊತ್ತಿದ್ದು ಹೇಳುತ್ತಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ತಪ್ಪಾಗಿದ್ದರೆ ಕ್ಷಮಿಸಿ.

ನಿಮ್ಮ ಸೊಸೆ,
ಮಂಜುಳಾ


ನಾಶಿಕ
8 ಡಿಸೆಂಬರ್ 2024

ಚಿ. ಸೌ. ಮಂಜುಳಾ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಕಿಟ್ಟಣ್ಣನ ಹೋಟೆಲಿನ ಮೂಲೆಯ ಟೇಬಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಪರಮೇಶ ಹತ್ತಿರ ಬಂದು ಕೂರುತ್ತಾನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಮುಖ ಓದಲು ಬರುತ್ತದೆ.

ಆ ಟಾಕಿಯಲ್ಲಿ ನಾನು ಕೆಲಸ ಮಾಡಿದ್ದೇನೆ. ಫೋಟೋ ನೋಡಬೇಕಾಗಿಯೂ ಇರಲಿಲ್ಲ. ಎಂಟು ಕಂಬ, ಈರುಳ್ಳಿ ಗೋದಾಮು ಎಂದು ನೀನು ಬರೆದಾಗಲೇ ಗೊತ್ತಾಯಿತು.

ಮುತ್ತು ಮೇಸ್ತ್ರಿಯ ಗ್ಯಾಂಗು ನಮ್ಮದು. ಗಂಡಸರು ಇಪ್ಪತ್ತು, ಹೆಂಗಸರು ಹದಿನಾಲ್ಕು. ಆಗ ಕಾಂಕ್ರೀಟು ಎತ್ತಲು ಮಷೀನು ಇರಲಿಲ್ಲ. ಹೆಂಗಸರು ಸಾರವೆಯ ಮೇಲೆ ಹಂತ ಹಂತವಾಗಿ ಒಬ್ಬರಿಗಿಂತ ಒಬ್ಬರು ಮೇಲೆ ನಿಂತು ಕಬ್ಬಿಣದ ಘಮೇಲಾಗಳಲ್ಲಿ ತುಂಬಿದ ಕಾಂಕ್ರೀಟನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸುತ್ತಿದ್ದರು. ಗಂಡಸರು ಮೇಲೆ ನಿಂತು ಸುರಿದು ಬಡಿಯುವುದು. ನಿನ್ನ ಅತ್ತೆ ಸಾವಿತ್ರಿಗೆ ದಿನ ತುಂಬಿತ್ತು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ಅವಳ ತವರಿನಲ್ಲಿ ಕರೆಸಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಮೇಸ್ತ್ರಿ ಅವಳನ್ನು ಕೆಳಗೆ ಘಮೇಲಾ ತುಂಬಲು ನಿಲ್ಲಿಸಿದ್ದ.

ಗೋಡೆ ಅರ್ಧ ಏರಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವಳಿಗೆ ನೋವು ಶುರುವಾಯಿತು. ಎಲ್ಲರಿಗಿಂತ ಮೇಲಿದ್ದ ಸಕ್ರವ್ವ ಘಮೇಲಾ ಕೆಳಗಿಟ್ಟು ಇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹನ್ನೆರಡು ಹೆಂಗಸರೂ ಇಳಿದರು. ಟಾಕಿಯ ಕೆಳಗೆ ಕಂಬಗಳ ನಡುವೆ ನೆರಳಿತ್ತು. ತಮ್ಮ ಸೀರೆಯ ಸೆರಗುಗಳನ್ನೇ ಹಿಡಿದು ಸುತ್ತ ಗೋಡೆ ಮಾಡಿ ನಿಂತರು. ಮೇಸ್ತ್ರಿ ಕೂಗಾಡಿದ, ಕಾಂಕ್ರೀಟು ಬಿಗಿಯುತ್ತದೆ, ಮಾಲು ಹಾಳಾಗುತ್ತದೆ ಎಂದು. ಸಕ್ರವ್ವ ತಿರುಗಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ, ಆಗ ನನಗೆ ಕಿವಿ ಇತ್ತು.

"ಕಾಂಕ್ರೀಟ ನಾಳೆನೂ ಹಾಕಬಹುದ್ರಿ ಮೇಸ್ತ್ರಿ. ಕೂಸು ನಾಳೆಗಂತ ನಿಲ್ಲಂಗಿಲ್ರಿ."

ಗಂಡಸರೇ ಸಾಲು ನಿಂತು ಕೆಲಸ ಮುಗಿಸಬಹುದಿತ್ತು. ಯಾರೂ ಏಳಲಿಲ್ಲ. ಎಲ್ಲರೂ ಬೆನ್ನು ತಿರುಗಿಸಿ ಗೋದಾಮಿನ ಕಡೆ ಮುಖ ಮಾಡಿ ಕೂತರು. ನಾಲ್ಕು ತಾಸು ಹಾಗೇ ಹೋಯಿತು. ಪರಮೇಶ ಹುಟ್ಟಿದ.

ಈಗ ನಾನು ಹೇಳಬೇಕಾದದ್ದು ಬರುತ್ತದೆ.

ನಿಂತ ಕಾಂಕ್ರೀಟಿನ ಮೇಲೆ ಹೊಸದು ಹಾಕುವ ಮುಂಚೆ ಹಳೆಯದರ ಮೈಗೆ ಉಳಿಯಿಂದ ಕಚ್ಚು ಹೊಡೆಯಬೇಕು. ಪುಡಿ ತೊಳೆದು ಸಿಮೆಂಟಿನ ಹಾಲು ಹಾಕಬೇಕು. ಆಗಲೇ ಎರಡೂ ಕೂಡಿಕೊಳ್ಳುವುದು. ಸೆಂಟ್ರಿಂಗಿನ ಹಲಗೆಗಳ ನಡುವಿನ ಆ ಸಣ್ಣ ಸಂದಿಯಲ್ಲಿ ತೂರುವಷ್ಟು ಸಣಕಲು ನಾನೊಬ್ಬನೇ ಇದ್ದೆ. ಮೇಸ್ತ್ರಿ ಉಳಿ ಸುತ್ತಿಗೆ ನನ್ನ ಕೈಗೆ ಕೊಟ್ಟು ಸಕ್ಕರೆ ತರಲು ಹೋದ. ನಾನು ಮೇಲೆ ಹತ್ತಲೇ ಇಲ್ಲ. ಕೆಳಗೆ ಅವಳ ಹತ್ತಿರ ಕೂತುಬಿಟ್ಟೆ. ಮೇಸ್ತ್ರಿ ತಿರುಗಿ ಬಂದು ಕೇಳಿದ.

"ಕಚ್ಚ ಹೊಡದಿಯೇನೋ ರೇವ್ಯಾ?"

"ಹೂಂ, ಹೊಡದೇನಿ" ಅಂದೆ.

ಅಷ್ಟೇ. ಹೆಂಗಸರು ಮತ್ತೆ ಸಾರವೆ ಹತ್ತಿದರು. ಸಂಜೆಯೊಳಗೆ ಗೋಡೆ ಮುಗಿಯಿತು. ನಾವು ಮುಂದಿನ ತಿಂಗಳು ಸಟಾಣಾದ ಕೆಲಸಕ್ಕೆ ಹೋದೆವು. ಟಾಕಿ ತುಂಬಿಸಿದ್ದನ್ನು ನಾನು ನೋಡಲಿಲ್ಲ. ಲಾಸಲಗಾಂವಿಗೆ ಹೋಗುವಾಗ ಬಸ್ಸಿನಲ್ಲಿ ಆ ಕಡೆಯ ಕಿಟಕಿಗೆ ನಾನು ಕೂರುವುದಿಲ್ಲ. ಸಾವಿತ್ರಿ ಮಾತ್ರ ಕತ್ತು ಹೊರಗೆ ಹಾಕಿ, ನೋಡಿರಿ ನನ್ನ ತವರುಮನಿ, ಎಂಟು ಕಂಬದ್ದು ಎಂದು ನಗುತ್ತಿದ್ದಳು. ಅವಳಿಗೂ ನಾನು ಹೇಳಲಿಲ್ಲ. ಪರಮೇಶ ನಾಲ್ಕು ವರ್ಷದವನಿದ್ದಾಗ ಅವಳು ತೀರಿಹೋದಳು. ಅವನಿಗೆ ಅವಳ ಮುಖವೂ ನೆನಪಿಲ್ಲ. ಯಾವ ಸೈಟಿನಲ್ಲಿ ಹುಟ್ಟಿದೆ ಎಂದು ಕೇಳಿದಾಗೆಲ್ಲ ಮರೆತಿದೆ ಎಂದೆ.

ಸೋರಿದರೆ ಎರಡು ವರ್ಷದಲ್ಲಿ ಸರಿಮಾಡಿಯಾರು ಎಂದುಕೊಂಡಿದ್ದೆ. ಮೂವತ್ತು ವರ್ಷದ ಮೇಲೆ ನನ್ನ ಮನೆಯ ಸೊಸೆಯೇ ಬಂದು ಕೇಳುತ್ತಾಳೆಂದು ಎಣಿಸಿರಲಿಲ್ಲ. ಟಾಕಿ ಕೆಡವಿದರೆ ಅದು ನನ್ನಿಂದ. ಅಷ್ಟು ಹೆಂಗಸರು ಕೊಡ ಹೊತ್ತರೆ ಅದೂ ನನ್ನಿಂದ. ಏನು ಬರೆಯಬೇಕೋ ಬರೆ, ಹೆಸರು ಮಾತ್ರ ಹಾಕಬೇಡ. ಪರಮೇಶನಿಗೆ ಹೇಳಬೇಡ. ತಾನು ಹುಟ್ಟಿದ್ದರಿಂದಲೇ ಹೀಗಾಯಿತೆಂದು ಅವನು ತಿಳಿದುಕೊಂಡಾನು.

ರೇವಪ್ಪ


ನಾಶಿಕ
5 ಜನವರಿ 2025

ಮಂಜುಳಾ,

ನಾಲ್ಕು ವಾರವಾಯಿತು. ಕಿಟ್ಟಣ್ಣ ನನ್ನನ್ನು ಕಂಡೊಡನೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ, ಬಂದಿಲ್ಲ ಎಂದು. ನೀನು ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತೀ ಎಂದು ಪರಮೇಶ ಹೆಬ್ಬೆರಳು ತೋರಿಸುತ್ತಾನೆ.

ಸಿಟ್ಟಿದ್ದರೆ ಸಿಟ್ಟೆಂದೇ ಬರೆ. ಬರೆಯದೆ ಇರಬೇಡ.

ರೇವಪ್ಪ


ಛತ್ರಪತಿ ಸಂಭಾಜಿನಗರ
12 ಜನವರಿ 2025

ಪೂಜ್ಯ ಮಾವನವರಿಗೆ,

ನಿಮ್ಮನ್ನು ಕಾಯಿಸಿದ್ದು ನನ್ನ ತಪ್ಪು. ಕಾಲು ಹಿಡಿದು ಕ್ಷಮೆ ಕೇಳುತ್ತೇನೆ.

ಸುಳ್ಳು ಹೇಳುವುದಿಲ್ಲ, ಎರಡು ದಿನ ಸಿಟ್ಟಿತ್ತು. ಟಾಕಿಗಾಗಿ ಅಲ್ಲ. ದೀಪಾವಳಿಯ ಊಟ ಬಿಟ್ಟು ಎದ್ದು ಹೋದಿರಲ್ಲ, ನನ್ನೆದುರು ಕೂತು ಹೇಳಲಾರದಷ್ಟು ನಾನು ದೂರದವಳಾದೆನೇ ಎಂದು. ಮದುವೆಯಾದ ವರ್ಷ ನಾನು ಡಿಪ್ಲೊಮಾ ಮುಗಿಸಿ ಡಿಗ್ರಿಗೆ ಸೇರುತ್ತೇನೆಂದಾಗ ವಸ್ತಿಯವರೆಲ್ಲ ನಕ್ಕರು. ನೀವು ಬ್ರೇಕರ್ ಮಷೀನಿನ ಪಾಳಿಯನ್ನು ಎರಡಾಗಿ ಮಾಡಿಕೊಂಡಿರಿ. ನಿಮ್ಮ ಬಲಗಿವಿ ಹೋದದ್ದು ಆ ವರ್ಷ. ನೀವು ಎಂದೂ ಆಡಿ ತೋರಿಸಲಿಲ್ಲ, ನಾನು ಎಂದೂ ಮರೆತಿಲ್ಲ. ಅಂಥವರು ನನಗೆ ಹೆದರಿದಿರಿ ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ.

ಮೂರನೇ ದಿನದಿಂದ ಹುಡುಕಾಟಕ್ಕೆ ಬಿದ್ದೆ. ನಿಮ್ಮ ಮಾತನ್ನು ಸರ್ ನಂಬಿದರು. ಆದರೆ ಕಾಗದದ ಆಧಾರವೂ ಬೇಕೆಂದರು. ಟಾಕಿಯ ಪಕ್ಕದ ಪಂಪ್‌ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದಿತ್ತು. ಇಲಿ ತಿಂದು ಉಳಿದ ಪುಸ್ತಕಗಳಲ್ಲಿ ಸಿಮೆಂಟ್ ಚೀಲ ಕೊಟ್ಟ ಲೆಕ್ಕದ್ದೂ ಒಂದು ಸಿಕ್ಕಿತು. ಅದರಲ್ಲಿ ಒಂದು ದಿನ ಬೆಳಿಗ್ಗೆ ನಲವತ್ತು ಚೀಲ ಹೋಗಿದೆ. ಸಂಜೆ ಮೂವತ್ತು. ನಡುವೆ ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ಸ್ಟೋರಿನವನು ಪೆನ್ಸಿಲಿನಿಂದ ಮರಾಠಿಯಲ್ಲಿ ಬರೆದಿದ್ದಾನೆ: ಕೆಲಸ ಬಂದ್, ಹೆಂಗಸರು ಹೋದರು.

ಆ ಪಂಪ್‌ಮನೆಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಸರ್ ಧೂಳಿನಿಂದ ಕಣ್ಣೀರು ಬಂತೆಂದುಕೊಂಡರು.

ಮೇಲ್ಗಡೆ ತಾರೀಖಿದೆ ಮಾವ. 9 ಫೆಬ್ರವರಿ 1991. ನಿಮ್ಮ ಮಗನಿಗೆ ಹುಟ್ಟಿದ ದಿನ ಸಿಕ್ಕಿತು.

ಇನ್ನೊಂದು ಕೆಲಸವಿದೆ. ಬರುವ ಫೆಬ್ರವರಿ ಒಂಬತ್ತು ಭಾನುವಾರ. ಅವತ್ತು ಟಾಕಿ ಖಾಲಿ ಮಾಡಿಸಿ ಒಳಗೋಡೆಯನ್ನು ಪರೀಕ್ಷಿಸಲು ಒಪ್ಪಿಗೆ ಸಿಕ್ಕಿದೆ. ಕಾಲೇಜಿನಿಂದ ಯಂತ್ರ ತರುತ್ತೇವೆ. ಅದಕ್ಕೂ ಮುಂಚೆ ಗೋಡೆಯನ್ನು ಅಂಗುಲ ಅಂಗುಲ ಸುತ್ತಿಗೆಯಿಂದ ತಟ್ಟಿ, ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಎಂದು ಗುರುತು ಹಾಕಬೇಕು. ನಿಮಗಿಂತ ಚೆನ್ನಾಗಿ ತಟ್ಟುವವರು ನನಗೆ ಗೊತ್ತಿಲ್ಲ. ಸದ್ದು ಕೇಳಿಸಿಕೊಳ್ಳಲು ನಿಮ್ಮ ಮಗನನ್ನು ಕರೆದುಕೊಂಡು ಬನ್ನಿ.

ಅವರಿಗೆ ನಾನು ಹೇಳುವುದಿಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕು.

ನಿಮ್ಮ ಸೊಸೆ,
ಮಂಜುಳಾ


ನಾಶಿಕ
26 ಜನವರಿ 2025

ಚಿ. ಸೌ. ಮಂಜುಳಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ತಾರೀಖು ಬಾಯಿಪಾಠ ಆಗಿದೆ.

ಬರುತ್ತೇನೆ, ತಟ್ಟುತ್ತೇನೆ. ಆದರೆ ಅವನಿಗೆ ಹೇಗೆ ಹೇಳಲಿ? ಹೇಳುವುದು ಹೇಗಾದರೂ ಹೇಳಿಯೇನು. ಕೇಳಿ ಅವನು ಏನಾದರೂ ಅನ್ನುತ್ತಾನಲ್ಲ, ಅದು ನನಗೆ ಕೇಳಿಸುವುದಿಲ್ಲ. ಬೈದನೋ, ಬಿಡು ಅಂದನೋ, ಅವನ ಬಾಯಿ ನೋಡುತ್ತ ನಿಲ್ಲಬೇಕು. ಕಿವುಡನಾದ ಮೇಲೆ ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ.

ರೇವಪ್ಪ


ನಾಶಿಕ
16 ಫೆಬ್ರವರಿ 2025

ಚಿ. ಸೌ. ಮಂಜುಳಾಳಿಗೆ ಆಶೀರ್ವಾದ.

ನೀನು ಕೆಳಗೆ ನಿನ್ನ ಸರ್ ಜೊತೆ ಯಂತ್ರ ಜೋಡಿಸುತ್ತಿದ್ದೆ. ಟಾಕಿಯ ಒಳಗೆ ಏನಾಯಿತೆಂದು ನಿನ್ನ ಗಂಡ ಹೇಳಿರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಏಣಿ ಇಳಿದು ಒಳಗೆ ಹೋದೆವು. ತಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಮೇಲಿನ ಮುಚ್ಚಳದಿಂದ ಚೌಕದಷ್ಟು ಬೆಳಕು. ಗೆರೆ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ ತಂಗಿ. ಅವತ್ತು ನಾನು ಕೂರಬೇಕಾಗಿದ್ದ ಜಾಗ ಅದೇ. ನಾನು ತಟ್ಟುತ್ತ ಹೋದೆ. ಸದ್ದು ಕೇಳಿಸದಿದ್ದರೂ ಕೈಗೆ ಗೊತ್ತಾಗುತ್ತದೆ, ಗಟ್ಟಿ ಇದ್ದಲ್ಲಿ ಸುತ್ತಿಗೆ ಪುಟಿಯುತ್ತದೆ. ಪರಮೇಶ ಪಕ್ಕದಲ್ಲಿ ನಿಂತು ಕಿವಿಗೊಟ್ಟು, ಗಟ್ಟಿಗೆ ಅಂಗೈ ತೋರಿಸುತ್ತಿದ್ದ, ಪೊಳ್ಳಿಗೆ ಮುಷ್ಟಿ. ಮುಷ್ಟಿ ಮಾಡಿದಲ್ಲಿ ಅವನೇ ಚಾಕ್‌ಪೀಸಿನಿಂದ ಗುರುತು ಹಾಕಿದ. ಗೆರೆಯ ಮೇಲಿನದೂ ಗಟ್ಟಿ, ಕೆಳಗಿನದೂ ಗಟ್ಟಿ. ಗೆರೆ ಮಾತ್ರ ಪೊಳ್ಳು. ಇದು ನಿನಗೆ ಯಂತ್ರವೂ ಹೇಳಿರಬೇಕು.

ಅರ್ಧ ಸುತ್ತು ಮುಗಿದ ಮೇಲೆ ಸುತ್ತಿಗೆ ಕೆಳಗಿಟ್ಟು ಹೇಳಿದೆ. ಎಲ್ಲವನ್ನೂ ಹೇಳಿದೆ, ಸೀರೆಗಳು, ಸಕ್ರವ್ವ, ಉಳಿ, ನನ್ನ ಹೂಂ. ಇವತ್ತೇ ನಿನ್ನ ಹುಟ್ಟಿದ ದಿನ, ಇದರ ಕೆಳಗೇ ಹುಟ್ಟಿದೆ ಎಂದೂ ಹೇಳಿದೆ. ನನ್ನ ಧ್ವನಿ ಎಷ್ಟು ದೊಡ್ಡದಿತ್ತೋ ತಿಳಿಯದು. ಗೋಡೆಗೆ ಕೈ ಇಟ್ಟಿದ್ದೆ, ಅದು ನಡುಗಿತು.

ಅವನು ಬಾಯಿ ತೆರೆದ. ನನಗೆ ಕೇಳಿಸುವುದಿಲ್ಲವೆಂದು ನೆನಪಾಗಿ ಮುಚ್ಚಿದ. ಅಂಗೈಯೂ ಮಾಡಲಿಲ್ಲ, ಮುಷ್ಟಿಯೂ ಮಾಡಲಿಲ್ಲ. ಚಾಕ್‌ಪೀಸು ತೆಗೆದುಕೊಂಡು ಗೆರೆಯ ಮೇಲ್ಗಡೆ ಎರಡು ಸಾಲು ಬರೆದ. ಮರಾಠಿ ಅಕ್ಷರ. ಬರೆದು ನನ್ನ ಮುಖವನ್ನೇ ನೋಡಿದ. ನನಗೆ ಆ ಅಕ್ಷರ ಬರುವುದಿಲ್ಲ ಎನ್ನುವುದು ಅವನಿಗೂ ಆಮೇಲೆ ಹೊಳೆದಿರಬೇಕು. ಅಷ್ಟರಲ್ಲಿ ನೀವಿಬ್ಬರು ಮೇಲಿಂದ ಟಾರ್ಚ್ ಬೆಳಕು ಬಿಟ್ಟಿರಿ. ಅವನು ಏಣಿ ಹತ್ತಿಬಿಟ್ಟ.

ವಾರವಾಯಿತು, ಸ್ಕೂಟರ್ ದಿನಾ ತೊಳೆಯುತ್ತಿದ್ದಾನೆ. ಕೇಳಲು ನನಗೆ ಧೈರ್ಯವಿಲ್ಲ. ನೀನು ವರದಿಗೆ ಗೋಡೆಯ ಫೋಟೋ ತೆಗೆದಿದ್ದೀಯಲ್ಲ. ಅದರಲ್ಲಿ ನೋಡಿ ಏನಿದೆ ಎಂದು ಬರೆ. ಇದ್ದದ್ದು ಇದ್ದ ಹಾಗೇ ಬರೆ.

ರೇವಪ್ಪ


ಛತ್ರಪತಿ ಸಂಭಾಜಿನಗರ
20 ಫೆಬ್ರವರಿ 2025

ಪೂಜ್ಯ ಮಾವನವರಿಗೆ,

ಕಾಗದ ಈಗ ತಾನೇ ಸಿಕ್ಕಿತು, ಈಗಲೇ ಬರೆಯುತ್ತಿದ್ದೇನೆ.

ಆ ಫೋಟೋವನ್ನು ನಾನು ಮೊದಲೇ ನೋಡಿದ್ದೆ. ನಿಮ್ಮಿಬ್ಬರ ನಡುವಿನದೆಂದು ಸುಮ್ಮನಿದ್ದೆ. ನಿಮಗೆ ಓದಲು ಆಗಿಲ್ಲವೆಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಅಕ್ಷರ ನಾಗರಿಯದು, ಮಾತು ನಮ್ಮದೇ. ನಿಮ್ಮ ಮಗ ಬರೆದಿರುವುದು ಇಷ್ಟು:

"ಅಪ್ಪಾ, ಅವತ್ತ ಅವ್ವ ಏನ ಉಂಡ್ಲು?
ಯಾರ ಮಾಡಿ ಹಾಕಿದ್ರು?"

ಬೇರೆ ಏನೂ ಇಲ್ಲ ಮಾವ. ಟಾಕಿಯ ಬಗ್ಗೆ ಒಂದು ಶಬ್ದವೂ ಇಲ್ಲ. ಉತ್ತರ ಸಿಗಲಿಲ್ಲವೆಂದು ಅವರು ಸ್ಕೂಟರ್ ತೊಳೆಯುತ್ತಿದ್ದಾರೆ. ಹೋಗಿ ಹೇಳಿ.

ವರದಿಯಲ್ಲಿ ಕೆಲಸ ನಿಂತ ಕಾರಣ ಎಂಬ ಕಡೆ 'ಹೆರಿಗೆ' ಎಂದು ಬರೆದೆ. ಮಾಹಿತಿ ಕೊಟ್ಟವರ ಹೆಸರು, ಹುದ್ದೆ ಎಂದು ಎರಡು ಖಾನೆಗಳಿವೆ. ಹೆಸರು ಬೇಡವೆಂದು ಹೇಳಿದ್ದಿರಿ. ನಿಮ್ಮ ಮಾತು ಮೀರುತ್ತಿರುವುದು ಇದೊಂದೇ ಸಲ. ರೇವಪ್ಪ ಎಂದು ಬರೆದು, ಹುದ್ದೆಯ ಮುಂದೆ 'ಈ ಟಾಕಿ ಕಟ್ಟಿದವರಲ್ಲಿ ಒಬ್ಬರು' ಎಂದು ಹಾಕಿದ್ದೇನೆ. ಸರ್ ಅದನ್ನು ಹಾಗೇ ಉಳಿಸಿಕೊಂಡರು.

ನಿಮ್ಮ ಸೊಸೆ,
ಮಂಜುಳಾ


ನಾಶಿಕ
1 ಜೂನ್ 2025

ಚಿ. ಸೌ. ಮಂಜುಳಾಳಿಗೆ ಆಶೀರ್ವಾದ.

ಇವತ್ತು ಪರಮೇಶನ ಸರ್ಕಾರಿ ಹುಟ್ಟುಹಬ್ಬ. ಎರಡೆರಡು ಹುಟ್ಟುಹಬ್ಬ ಇರುವವನು ಎಂದು ಜಗು ಅವನಿಗೆ ಸಲಾಮು ಹೊಡೆಯುತ್ತಿದ್ದಾಳೆ. ಹತ್ತು ದಿನದಲ್ಲಿ ನೀನು ಮನೆಗೆ ಬರುತ್ತೀ. ಕಾಗದ ಬರೆಯುವ ರೂಢಿ ಈಗಷ್ಟೇ ಬಂದಿದೆ, ಮನೆಗೆ ಬಂದ ಮೇಲೂ ಆಗೊಮ್ಮೆ ಈಗೊಮ್ಮೆ ಬರೆದು ಕಿಟ್ಟಣ್ಣನ ಹತ್ತಿರ ಕೊಡು.

ನಿನ್ನ ಕಾಗದ ಸಿಕ್ಕಿದ ದಿನವೇ ಪರಮೇಶನಿಗೆ ಉತ್ತರ ಹೇಳಿದೆನೆಂದು ನಿನಗೆ ಗೊತ್ತು. ಏನು ಹೇಳಿದೆನೆಂದು ಬರೆದಿರಲಿಲ್ಲ. ಅವತ್ತು ಸಕ್ರವ್ವ ಸೆಂಟ್ರಿಂಗಿನ ಹಲಗೆಯ ಚೂರು ಉರಿ ಹಾಕಿ ಗೋದಿಯ ಸಜ್ಜಕ ಮಾಡಿದಳು. ಬೆಲ್ಲ ಒಬ್ಬರ ಗಂಟಿನಿಂದ, ತುಪ್ಪ ಗೋದಾಮಿನ ಹಮಾಲನ ಮನೆಯಿಂದ. ಸಾವಿತ್ರಿಗೆ ತುತ್ತು ಎತ್ತಲು ಆಗುತ್ತಿರಲಿಲ್ಲ. ನಾನು ಉಣ್ಣಿಸಿದೆ. ಮೇಲೆ ಹತ್ತಿ ಕಚ್ಚು ಹೊಡೆಯಬೇಕಾದ ಹೊತ್ತಿಗೆ ನಾನು ಮಾಡುತ್ತಿದ್ದದ್ದು ಅದು. ಇದನ್ನು ಕೇಳಿ ಪರಮೇಶ ನನ್ನ ಬಲಗೈ ಹಿಡಿದುಕೊಂಡ. ಆಮೇಲೆ ಒಲೆ ಹೊತ್ತಿಸಿದ. ಸಜ್ಜಕ ತಳ ಹಿಡಿಯಿತು, ಮೂವರೂ ತಿಂದೆವು.

ಟಾಕಿ ಉಳಿಯಿತು ಎಂಬ ಸುದ್ದಿ ನಿನಗೆ ನನಗಿಂತ ಮೊದಲೇ ಬಂದಿದೆ. ಮಳೆಗಾಲ ಹಿಡಿಯುವುದರೊಳಗೆ ಮುಗಿಸಬೇಕೆಂದು ಹೋದ ವಾರವೇ ದುರಸ್ತಿ ಶುರು ಮಾಡಿದರು. ಗೆರೆ ತೋರಿಸಲು ನನ್ನನ್ನೂ ಕರೆಸಿದ್ದರು. ಹುಡುಗರು ಮಷೀನು ತಂದಿದ್ದರು. ಮೊದಲ ಮೊಳದಷ್ಟನ್ನು ನಾನು ಮಾಡುತ್ತೇನೆ ಎಂದು ಕೇಳಿಕೊಂಡೆ. ಮುದುಕನ ಹಟ ಎಂದು ಬಿಟ್ಟುಕೊಟ್ಟರು.

ಉಳಿ ಇಟ್ಟು ಕಚ್ಚು ಹೊಡೆದೆ. ಒಂದು ಮೊಳಕ್ಕೆ ಬದಲು ಎರಡು ಮೊಳ ಹೊಡೆದೆ. ನೀರು ಬಿಟ್ಟು ಪುಡಿಯನ್ನೆಲ್ಲ ಕೈಯಿಂದ ತೊಳೆದೆ. ಸಿಮೆಂಟಿನ ಹಾಲು ಕಲಸುತ್ತಿದ್ದ ಅವರ ಮೇಸ್ತ್ರಿ, ನಮ್ಮ ಪರಮೇಶನ ವಯಸ್ಸಿನವನು, ಏಣಿಯ ಮೇಲಿಂದ ಬಗ್ಗಿ ನೋಡಿದ. ನಾನು ಕಿವುಡ ಎಂದು ಯಾರೋ ಹೇಳಿರಬೇಕು. ಒಂದು ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿ ಕುಟ್ಟಿ, ಹುಬ್ಬು ಎತ್ತಿ ಕೇಳಿದ. ಅವತ್ತು ಮುತ್ತು ಮೇಸ್ತ್ರಿ ಕೇಳಿದ್ದ ಅದೇ ಮಾತು.

"ಹೂಂ, ಹೊಡದೇನಿ" ಅಂದೆ.

ರೇವಪ್ಪ